ಎರಡು ಲಾರಿಗಳಲ್ಲಿ ಬಂದ ಮನೆ

ಬೂನಾ
ಮಾರ್ಚ್ 4, 1984

ಶ್ರೀಮತಿ ಬೆರಿಲ್ ಕ್ರೌಸ್ ಅವರಿಗೆ,

ರಸ್ತೆ ಇಲಾಖೆಯ ಕಾಗದ ನಿಮಗೂ ಬಂದಿರಬೇಕು. ನಂಡಾದಲ್ಲಿರುವ ನಮ್ಮ ತಂದೆಯ ಮನೆಯ ಜಾಗ ಹೊಸ ರಸ್ತೆಗೆ ಹೋಗುತ್ತದೆ. ಬಾಡಿಗೆಯವರು ಆಗಲೇ ಖಾಲಿ ಮಾಡಿದ್ದಾರೆ. ನೆಲ ಇಲಾಖೆಯದು, ನೆಲದ ಮೇಲಿನ ಮರದ ಮನೆ ಬೇಕಿದ್ದರೆ ಜೂನ್ ಮುಗಿಯುವುದರೊಳಗೆ ನಾವು ಎತ್ತಿಕೊಂಡು ಹೋಗಬಹುದು. ಇಲ್ಲವಾದರೆ ಕೆಡವಿ ಹಾಕುತ್ತಾರೆ. ಯಾವುದಕ್ಕೂ ನಮ್ಮಿಬ್ಬರ ಸಹಿ ಬೇಕು.

ನಾನು ಮನೆಯನ್ನು ಬೂನಾಕ್ಕೆ ತರಿಸಿಕೊಳ್ಳುತ್ತೇನೆ. ಮರದ ಮಿಲ್ಲಿನ ಹಿಂದೆ ನನಗೆ ಸ್ವಂತ ಜಾಗವಿದೆ. ಐಸಾ ಗಣಿಯ ಕೆಲಸ ಬಿಟ್ಟು ಬಂದಾಗಿನಿಂದ ಅಲ್ಲೇ ಒಂದು ತಗಡಿನ ಶೆಡ್ಡಿನಲ್ಲಿದ್ದೇನೆ. ಬೇಸಿಗೆಯಲ್ಲಿ ಅದರೊಳಗೆ ಕುಳಿತರೆ ಬೇಯುತ್ತೇನೆ, ಆದರೆ ಅದು ನಿಮಗೆ ಸಂಬಂಧಿಸಿದ ವಿಷಯವಲ್ಲ.

ಅಜ್ಜ ನಂಡಾದ ಆ ಮಣ್ಣಿನಲ್ಲಿ ತನ್ನ ಕೈಯಾರೆ ಕಟ್ಟಿದ ಮನೆ ಅದು. ಅಪ್ಪ ಹುಟ್ಟಿದ್ದು ಅದೇ ಮನೆಯಲ್ಲಿ. ಸಾಯಬೇಕಾಗಿದ್ದದ್ದೂ ಅದೇ ಮನೆಯಲ್ಲಿ, ಅದು ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ನಿಮಗೆ ಗೊತ್ತು. ಮನೆಯಾದರೂ ಅದಕ್ಕೆ ಬೆಲೆ ಕೊಡುವವರ ಹತ್ತಿರ ಇರಲಿ.

ಫೋನ್ ಮಾಡಬೇಡಿ. ಸಹಿ ಹಾಕಿ ಕಳಿಸಿ, ಸಾಕು.

ಇತಿ,
ನೆವಿಲ್ ಟ್ರೆಂಬತ್

*

ಡೇಬೊರೊ
ಮಾರ್ಚ್ 13, 1984

ನೆವಿಲ್,

ಹಾಲಿನ ಲಾರಿಯ ಹುಡುಗ ಕೂಡ ನನ್ನನ್ನು ಬೆರಿಲ್ ಅನ್ನುತ್ತಾನೆ. ನಿನ್ನ ಮೂಗು ಒರೆಸಿ ಶಾಲೆಗೆ ಎಳೆದುಕೊಂಡು ಹೋದವಳಿಗೆ ಶ್ರೀಮತಿ ಕ್ರೌಸ್ ಅಂತ ಬರೆಯುವಷ್ಟು ದೊಡ್ಡ ಮನುಷ್ಯನಾದೆಯಲ್ಲ, ಸಂತೋಷ. ಫೋನ್ ಮಾಡುವ ಆಸೆ ನನಗೂ ಇಲ್ಲ. ಫೋನಿನಲ್ಲಿ ನೀನು ಯಾರ ಮಾತನ್ನೂ ಮುಗಿಸಲು ಬಿಡುವುದಿಲ್ಲ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ಕೇಳಲೇಬೇಕು.

ನಾನು ಸಹಿ ಹಾಕುವುದಿಲ್ಲ. ಮನೆ ನನಗೂ ಬೇಕು. ರಾಡ್ನಿಗೆ ಸೆಪ್ಟೆಂಬರಿನಲ್ಲಿ ಮದುವೆ. ಈ ತೋಟದ ಮನೆ, ಹಸುಗಳು, ಎಲ್ಲ ಇನ್ನು ಮಗ ಸೊಸೆಯದು. ಹುಡುಗಿ ಒಳ್ಳೆಯವಳೇ, ಆದರೆ ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ನಿಂತರೆ ಎಷ್ಟು ದಿನ ಒಳ್ಳೆಯವರಾಗಿರುತ್ತಾರೆ ಹೇಳು. ಗಂಡ ಅಂತ ಎರ್ನಿ ಇದ್ದಿದ್ದರೆ ಬೇರೆ ಮಾತು. ಗೇಟಿನ ಪಕ್ಕದ ಮೂಲೆಯಲ್ಲಿ ನಂಡಾದ ಮನೆ ನಿಲ್ಲಿಸಿಕೊಂಡು, ಅಮ್ಮನ ಅಡುಗೆಮನೆಯಲ್ಲಿ ನಾನು ನನ್ನಷ್ಟಕ್ಕೆ ಇರಬೇಕು ಅಂತಿದ್ದೇನೆ.

ಇನ್ನು ಅಪ್ಪನ ವಿಷಯ. ಅಮ್ಮ ಹೋದ ಮೇಲೆ ಅಪ್ಪ ಹಿಂದಿನ ಮೆಟ್ಟಿಲಿಂದ ಬಿದ್ದು, ಪಕ್ಕದ ಮನೆಯವರು ನೋಡುವವರೆಗೆ ಸೀಮೆಬದನೆ ಬಳ್ಳಿಯ ಕೆಳಗೆ ಬಿದ್ದೇ ಇದ್ದರು. ನಾನು ಅವರನ್ನು ಇಲ್ಲಿಗೆ ಕರೆತಂದೆ. ಮುಂದಿನ ಚಳಿಗಾಲದಲ್ಲಿ ಹೋಗಿಬಿಟ್ಟರು. ಮಣ್ಣು ಮಾಡಿದ ದಿನ ಎಲ್ಲರ ಎದುರು ನೀನು ಹೇಳಿದ ಮಾತು ನೆನಪಿದೆ: “ಬೇರು ಸಮೇತ ಕಿತ್ತು ತಂದೆ, ಒಣಗ್ದೆ ಇನ್ನೇನಾಗತ್ತೆ.” ಆವತ್ತು ನಾನು ಉತ್ತರ ಕೊಡಲಿಲ್ಲ. ಇವತ್ತೂ ಕೊಡುವುದಿಲ್ಲ.

ಬೆರಿಲ್

*

ಬೂನಾ
ಏಪ್ರಿಲ್ 16, 1984

ಬೆರಿಲ್,

ಹೋದ ವಾರಕ್ಕೆ ಮುಂಚಿನ ಶನಿವಾರ ನಂಡಾಕ್ಕೆ ಹೋಗಿದ್ದೆ. ಮನೆ ಸಾಗಿಸುವ ಡಾರ್ಸಿ ಮಹೋನಿ ಅನ್ನುವವನನ್ನು ಅಲ್ಲಿಗೆ ಬರಹೇಳಿದ್ದೆ. ಆ ಕಡೆಯ ಮನೆಗಳಲ್ಲಿ ಅರ್ಧದಷ್ಟನ್ನು ಲಾರಿ ಮೇಲೆ ಹತ್ತಿಸಿದವನು ಅವನೇ. ಮನೆಯನ್ನು ಹೊತ್ತು ನಿಂತ ಕಂಬಗಳ ನಡುವೆ ಬಗ್ಗಿ ಓಡಾಡಿದ, ಗೆದ್ದಲು ಹತ್ತದಂತೆ ಕಂಬದ ತಲೆಗೆ ಹಾಕಿದ ತಗಡಿನ ಟೋಪಿಗಳನ್ನು ತಟ್ಟಿ ನೋಡಿದ, ಮರ ಗಟ್ಟಿಯಾಗಿದೆ ಅಂದ. ಎಲ್ಲಿಗೆ ಸಾಗಿಸಬೇಕು ಅಂತ ಕೇಳಿದ. ನಾನು ಬೂನಾ ಅಂದೆ, ಅಕ್ಕ ಡೇಬೊರೊ ಅನ್ನುತ್ತಾಳೆ, ಸಹಿ ಹಾಕಲು ಒಪ್ಪುತ್ತಿಲ್ಲ ಅಂದೆ. ಟೋಪಿ ಹಿಂದಕ್ಕೆ ತಳ್ಳಿ ತಲೆ ಕೆರೆದುಕೊಂಡ.

“ಈ ಅಗಲದ ಮನೆ ಇಡಿಯಾಗಿ ರೋಡಲ್ಲಿ ಹೋಗಲ್ಲ. ಹೆಂಗೂ ಎರಡು ತುಂಡು ಮಾಡ್ಬೇಕು. ನೀವಿಬ್ರೂ ಕಿತ್ತಾಡೋ ಬದ್ಲು ಒಂದೊಂದು ತುಂಡು ತಗೊಂಡ್ಹೋಗಿ,” ಅಂದು ನಕ್ಕ.

ನನಗೆ ನಗು ಬರಲಿಲ್ಲ. ವಾರವಿಡೀ ಮಿಲ್ಲಿನಲ್ಲಿ ಗರಗಸದ ಮುಂದೆ ನಿಂತು ಅದನ್ನೇ ಯೋಚಿಸಿದೆ. ಮುಂಬಾಗಿಲಿನಿಂದ ಹಿಂಬಾಗಿಲವರೆಗೆ ಹೋಗುವ ಓಣಿಯ ನೆಲದಲ್ಲಿ ಉದ್ದಕ್ಕೂ ಒಂದು ಮರದ ಪಟ್ಟಿ ಇದೆಯಲ್ಲ, ನಾವು ಕಾಲು ಎಡವುತ್ತಿದ್ದದ್ದು. ಪಟ್ಟಿಯ ಎಡಗಡೆ ನನ್ನದು, ಬಲಗಡೆ ನಿನ್ನದು ಅಂತ ಚಿಕ್ಕಂದಿನಲ್ಲಿ ಪಾಲು ಮಾಡಿದ್ದವಳು ನೀನೇ. ಅಡುಗೆಮನೆ ನಿನ್ನ ಕಡೆ ಬರುವ ಹಾಗೆ ನೋಡಿಕೊಂಡಿದ್ದೆ. ನಿನಗೆ ಒಂದು ಬಿಸ್ಕತ್ತು ಕೊಡದೆ ನನ್ನನ್ನು ಪಟ್ಟಿ ದಾಟಲು ಬಿಡುತ್ತಿರಲಿಲ್ಲ, ಆ ಬಿಸ್ಕತ್ತೂ ಅಡುಗೆಮನೆಯಿಂದಲೇ ತರಬೇಕಿತ್ತು. ನಾನು ಎಷ್ಟೋ ದಿನ ಮನೆ ಸುತ್ತಿ ಹಿಂದಿನ ಮೆಟ್ಟಿಲು ಹತ್ತಿ ಊಟಕ್ಕೆ ಬಂದಿದ್ದೇನೆ.

ಈಗಲೂ ಅದೇ ಪಾಲು ಇರಲಿ. ಎಡಗಡೆಯ ಮಲಗುವ ಕೋಣೆಗಳು ನನಗೆ. ಬಲಗಡೆ ಮುಂದಿನ ಕೋಣೆ, ಊಟದ ಕೋಣೆ, ಅಡುಗೆಮನೆ ನಿನಗೆ. ಜಗಲಿ ಇಬ್ಬರಿಗೂ ಅರ್ಧರ್ಧ. ಒಪ್ಪುವುದಾದರೆ ಹೂಂ ಅನ್ನು.

ನೆವಿಲ್

*

ಡೇಬೊರೊ
ಏಪ್ರಿಲ್ 24, 1984

ನೆವಿಲ್,

ಹೂಂ.

ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ರಾಡ್ನಿ ಇದನ್ನು ಕೇಳಿ, “ನಿಮ್ಗೇನು ತಲೆ ಕೆಟ್ಟಿದ್ಯಾ ಅಮ್ಮ, ಮನೇನ ಕೇಕ್ ಥರ ಕೊಯ್ತೀರಾ,” ಅಂದ. ಕೊಯ್ಯುತ್ತೇವೆ ಅಂದೆ. ನಿನ್ನ ಜೊತೆ ಒಂದು ಮನೆಯನ್ನು ಹಂಚಿಕೊಂಡು ಇಬ್ಬರೂ ಸುಮ್ಮನಿರಲು ಬೇರೆ ದಾರಿ ನನಗೂ ಕಾಣುವುದಿಲ್ಲ.

ಆದರೆ ಮುಂಬಾಗಿಲು ಸರಿಯಾಗಿ ಪಟ್ಟಿಯ ಮೇಲೇ ಇದೆ. ಅದನ್ನು ಕೊಯ್ಯಲು ಬಿಡಬೇಡ, ಬಣ್ಣದ ಗಾಜಿದೆ. ಬಾಗಿಲು ನೀನೇ ಇಟ್ಟುಕೋ, ಮುಂದಿನ ಮೆಟ್ಟಿಲು ನನಗೆ ಕೊಡು. ನಿನ್ನ ಹತ್ತಿರ ಬಾಗಿಲಿರುತ್ತದೆ, ಹತ್ತಲು ಮೆಟ್ಟಿಲಿರುವುದಿಲ್ಲ. ನನ್ನ ಹತ್ತಿರ ಮೆಟ್ಟಿಲಿರುತ್ತದೆ, ಹತ್ತಿದರೆ ಬಾಗಿಲಿರುವುದಿಲ್ಲ. ನಮ್ಮಿಬ್ಬರಿಗೆ ತಕ್ಕ ಮನೆ.

ಬೆರಿಲ್

*

ಬೂನಾ
ಜೂನ್ 12, 1984

ಬೆರಿಲ್,

ನಿನ್ನ ಅರ್ಧ ಸುರಕ್ಷಿತವಾಗಿ ಬಂದು ಸೇರಿತೆಂದು ಡಾರ್ಸಿ ಹೇಳಿದ. ನನ್ನದೂ ಬಂದಿದೆ. ಕೊಯ್ಯುವ ದಿನ ನೀನು ಬರುತ್ತೀಯೇನೋ ಅಂದುಕೊಂಡಿದ್ದೆ. ಬರದೇ ಇದ್ದದ್ದು ಒಳ್ಳೆಯದಾಯಿತು ಅಂತಲೂ ಅನ್ನಿಸಿತು. ಆದರೆ ಅಲ್ಲಿ ನಡೆದದ್ದನ್ನು ನಿನಗೆ ಹೇಳದೆ ಇರಲು ಆಗುವುದಿಲ್ಲ.

ಮಾಡಿನ ತಗಡು ಬಿಚ್ಚಿ ಇಳಿಸಿದ ಮೇಲೆ ಡಾರ್ಸಿ ಓಣಿಯ ಪಟ್ಟಿಯನ್ನು ಮೀಟುಗೋಲಿನಿಂದ ಎಬ್ಬಿಸಿದ. ಎಬ್ಬಿಸಿದವನು ಹಾಗೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ನನ್ನನ್ನು ಕರೆದು ತೋರಿಸಿದ. ಅಡ್ಡಕ್ಕೆ ಹಾಸಿದ ನೆಲದ ಹಲಗೆಗಳಲ್ಲಿ ಒಂದೂ ಆ ಪಟ್ಟಿಯನ್ನು ದಾಟಿ ಹೋಗಿರಲಿಲ್ಲ. ಎಲ್ಲವೂ ಒಂದೇ ಗೆರೆಯಲ್ಲಿ ಗರಗಸದಿಂದ ಕೊಯ್ದು ನಿಲ್ಲಿಸಿದ್ದವು. ಕೆಳಗೆ ಹೋಗಿ ನೋಡಿದೆವು. ನಾವು ಜೋಕಾಲಿ ಕಟ್ಟುತ್ತಿದ್ದ ಕಬ್ಬಿಣದ ಪಟ್ಟಿಗಳಿವೆಯಲ್ಲ, ಎಲ್ಲರ ಮನೆಯ ಕೆಳಗೂ ಇರುತ್ತವೆ ಅಂದುಕೊಂಡಿದ್ದೆವು, ಎಲ್ಲರ ಮನೆಯ ಕೆಳಗೂ ಇರುವುದಿಲ್ಲವಂತೆ. ತೊಲೆಗಳನ್ನು ಅದೇ ಗೆರೆಯಲ್ಲಿ ಕೊಯ್ದು, ಆ ಕಬ್ಬಿಣ ಇಟ್ಟು, ಬೋಲ್ಟ್ ಹಾಕಿ ಮತ್ತೆ ಜೋಡಿಸಿದ್ದಾರೆ. ಗೋಡೆಯ ಕಂಬಗಳ ಮೇಲ್ತುದಿಯಲ್ಲಿ, ಸೂರಿನ ಒಳಗೆ, ಉಳಿಯಲ್ಲಿ ಕೊರೆದ ಗುರುತುಗಳಿವೆ. ಯಾವುದರ ಪಕ್ಕ ಯಾವುದು ನಿಲ್ಲಬೇಕು ಅಂತ.

“ನಿಮ್ಮ ಮನೆ ಒಂದ್ಸಲ ಪ್ರಯಾಣ ಮಾಡಿ ಬಂದಿರೋದು ಕಣಯ್ಯ,” ಅಂದ ಡಾರ್ಸಿ. “ನಾನು ಕೊಯ್ಯೋದೇನೂ ಉಳ್ದಿಲ್ಲ. ಬಿಚ್ಚಿದ್ರಾಯ್ತು.”

ಎಣ್ಣೆ ಬಿಟ್ಟು ಬೋಲ್ಟುಗಳನ್ನು ಬಿಚ್ಚಿದ. ಕಬ್ಬಿಣದ ಪಟ್ಟಿಗಳು ನಿನ್ನ ಕಡೆಯ ತೊಲೆಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು, ಅವು ನಿನ್ನ ಜೊತೆ ಬಂದಿವೆ. ಬೋಲ್ಟುಗಳು ನನ್ನ ಜೇಬಿಗೆ ಬಂದವು. ಮರದ ಕೆಲಸದಲ್ಲೇ ಇರುವ ನಾನು ಆ ಓಣಿಯಲ್ಲಿ ಇಷ್ಟು ವರ್ಷ ಓಡಾಡಿ ಅದನ್ನು ನೋಡಲಿಲ್ಲ. ಇದರ ಅರ್ಥ ಏನು? ಎಟ್ಟಿ ಅತ್ತೆ ಇನ್ನೂ ಸ್ಯಾಂಡ್‌ಗೇಟಿನಲ್ಲಿದ್ದಾಳಾ? ಅಪ್ಪನ ಅಕ್ಕನಿಗೆ ಗೊತ್ತಿರದೆ ಇರುವುದಿಲ್ಲ. ನನ್ನನ್ನು ಕಂಡರೆ ಅವಳಿಗೆ ಆಗುವುದಿಲ್ಲ, ನೀನು ಹೋಗಿ ಕೇಳು.

ನೆವಿಲ್

*

ಡೇಬೊರೊ
ಜುಲೈ 1, 1984

ಪ್ರೀತಿಯ ನೆವಿಲ್,

ಲ್ಯಾಮಿಂಗ್ಟನ್ ಕೇಕು ಮಾಡಿಕೊಂಡು ಎಟ್ಟಿ ಅತ್ತೆಯನ್ನು ನೋಡಿ ಬಂದೆ. ಕಣ್ಣು ಮಂಜಾಗಿದೆ, ನಾಲಿಗೆ ಎಂದಿನಂತೆ ಚೂಪಾಗಿದೆ. ನಿನ್ನ ವಿಷಯಕ್ಕೆ, “ಆ ಹುಡುಗ ಬಾಗ್ಲು ದಡಾರ್ ಅಂತ ಹಾಕೋದು ಬಿಟ್ನಾ,” ಅಂತ ಕೇಳಿದಳು. ನಿನಗೆ ಐವತ್ತೊಂದಾಯಿತು ಅಂತ ಹೇಳಲಿಲ್ಲ.

ನಾನು ಪಟ್ಟಿಯ ಮಾತೆತ್ತಿದ ಕೂಡಲೇ ತಟ್ಟೆ ಕೆಳಗಿಟ್ಟಳು. ಕೈ ಒರೆಸಿಕೊಂಡು ಹೇಳತೊಡಗಿದಳು. ಅಜ್ಜ ಆ ಮನೆಯನ್ನು ಕಟ್ಟಿದ್ದು ನಿಜ, ಆದರೆ ಕಟ್ಟಿದ್ದು ಗಿಂಪಿಯಲ್ಲಿ. ಅಲ್ಲಿಯ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಮರ ಕೊಡುವ ಬಡಗಿಯಾಗಿದ್ದನಂತೆ. ಚಿನ್ನ ಮುಗಿಯುತ್ತಾ ಬಂದು ಅಜ್ಜನ ಗಣಿ ಮುಚ್ಚಿತು. ನಂಡಾದಲ್ಲಿ ರೈಲ್ವೆ ಕೆಲಸ ಸಿಕ್ಕಿತು. ಅಜ್ಜಿ ಹೊರಡಲು ಒಪ್ಪಲಿಲ್ಲ. ಮಕ್ಕಳನ್ನು ಹೆತ್ತದ್ದು ಈ ಮನೆಯಲ್ಲಿ, ಇದು ಬಂದರೆ ನಾನು ಬರುತ್ತೇನೆ ಅಂದಳಂತೆ. ಅಜ್ಜ ವಾದ ಮಾಡಲಿಲ್ಲ. ಗೋಡೆಗಳನ್ನು ಬಿಚ್ಚಿ ಗುರುತು ಹಾಕಿದ, ನೆಲವನ್ನು ನಡುವೆ ಕೊಯ್ದ, ಎಲ್ಲವನ್ನೂ ರೈಲಿನ ವ್ಯಾಗನ್ನಿಗೆ ಹೇರಿಸಿದ.

ಅಪ್ಪನಿಗೆ ಆಗ ಏಳು ವರ್ಷ. ಅಪ್ಪ ಹುಟ್ಟಿದ್ದು ಅದೇ ಮನೆಯಲ್ಲಿ, ನಂಡಾದಲ್ಲಲ್ಲ.

ಮನೆಯವರು ಮೊದಲು ಬಂದರು, ಮನೆ ಆಮೇಲೆ ಬಂತು. ನಂಡಾದ ಖಾಲಿ ಜಾಗದಲ್ಲಿ ಡೇರೆ ಹಾಕಿಕೊಂಡಿದ್ದರು. ಅಡುಗೆಮನೆಯ ಕಡೆಯದು ಮೊದಲು ಬಂತು. ಇನ್ನೊಂದು ಕಡೆಯದು ದಾರಿಯಲ್ಲಿ ಯಾವುದೋ ಸ್ಟೇಷನ್ನಿನಲ್ಲಿ ನಿಂತುಬಿಟ್ಟಿತು. ಬಂದಷ್ಟನ್ನು ಅಜ್ಜ ನಿಲ್ಲಿಸಿದ, ತೆರೆದ ಬದಿಗೆ ಟಾರ್ಪಾಲಿನ್ ಕಟ್ಟಿ ಎಲ್ಲರೂ ಒಲೆಯ ಸುತ್ತ ಮಲಗುತ್ತಿದ್ದರಂತೆ.

“ನಿಮ್ಮಪ್ಪ ಹೊರೇಸು ಮಾತ್ರ ರೋಡ್ ಪಕ್ಕ ಒಂದು ಪೆಟ್ಟಿಗೆ ಬೋರಲು ಹಾಕ್ಕೊಂಡು ಅದ್ರ ಮೇಲೇ ಕೂತಿರ್ತಿದ್ದ,” ಅಂದಳು ಅತ್ತೆ. “ಬಂತಾ, ಬಂತಾ ಅಂತ ಬರೋರು ಹೋಗೋರನ್ನೆಲ್ಲ ಕೇಳೋನು. ಗಾಡಿಯವ್ರಿಗೆಲ್ಲ ಅವನಂದ್ರೆ ತಮಾಷೆ.”

ಇದನ್ನು ಯಾಕೆ ನಮಗೆ ಯಾರೂ ಹೇಳಲಿಲ್ಲ ಅಂದೆ. ಸುತ್ತಮುತ್ತಲಿನವರೆಲ್ಲ ಹೊಸ ಮನೆ ಕಟ್ಟಿಸುತ್ತಿದ್ದರು, ಹಳೆಯ ಮನೆ ಹೊತ್ತುಕೊಂಡು ಬಂದವರು ಅನ್ನಿಸಿಕೊಳ್ಳಲು ಅಜ್ಜಿಗೆ ನಾಚಿಕೆ. ಯಾರಾದರೂ ಬಾಯಿ ಬಿಟ್ಟರೆ ಚರ್ಮ ಸುಲಿಯುತ್ತೇನೆ ಅಂದಿದ್ದಳಂತೆ. ಅಜ್ಜಿ ಸತ್ತು ಮೂವತ್ತು ವರ್ಷವಾದರೂ ಅತ್ತೆ ನನಗೆ ಹೇಳುವಾಗ ದನಿ ತಗ್ಗಿಸಿದಳು.

ಅವಳು ಹೇಳಿದ್ದು ಇಷ್ಟೇ ಅಲ್ಲ. ಉಳಿದದ್ದನ್ನು ಇವತ್ತು ಬರೆಯಲು ನನಗೆ ಆಗುತ್ತಿಲ್ಲ. ಹಾಲು ಕರೆಯುವ ಹೊತ್ತಾಯಿತು.

ನಿನ್ನ ಅಕ್ಕ,
ಬೆರಿಲ್

*

ಬೂನಾ
ಜುಲೈ 15, 1984

ಅಕ್ಕ,

ನಿನ್ನ ಕಾಗದವನ್ನು ಮಿಲ್ಲಿನಲ್ಲಿ ಓದಿ, ಶೆಡ್ಡಿಗೆ ಬಂದು ಮತ್ತೆ ಓದಿದೆ. ಮೊದಲು ಸಿಟ್ಟು ಬಂತು. ಅಜ್ಜಿಯ ಮೇಲೋ ಅಪ್ಪನ ಮೇಲೋ ಗೊತ್ತಿಲ್ಲ. ಅದೇ ಮಣ್ಣು, ಅದೇ ಮಣ್ಣು ಅಂತ ನಾನು ಊರಿಗೆಲ್ಲ ಹೇಳಿಕೊಂಡು ಬಂದದ್ದು ಒಂದು ಹೆಂಗಸಿನ ನಾಚಿಕೆಯ ಮಾತನ್ನಾ?

ನನ್ನ ಅರ್ಧವನ್ನು ಕಂಬಗಳ ಮೇಲೆ ಕೂರಿಸಿದ್ದಾರೆ. ಮುಂಬಾಗಿಲಿಗೆ ಒಂದು ಡ್ರಮ್ಮಿನ ಮೇಲೆ ಹತ್ತಿ ಹೋಗುತ್ತೇನೆ. ಎರಡು ಮಲಗುವ ಕೋಣೆಗಳಿವೆ, ಮಲಗುವವನು ಒಬ್ಬನೇ. ಚಹಾ ಬೇಕೆಂದರೆ ಶೆಡ್ಡಿಗೆ ಹೋಗಬೇಕು. ಓಣಿಯ ಬದಿ ಪೂರ್ತಿ ತೆರೆದಿದೆ, ಅಲ್ಲಿ ನಿಂತರೆ ಕ್ಯಾರೆಟ್ ಹೊಲ ಕಾಣುತ್ತದೆ. ಹಲಗೆ ಹೊಡೆದು ಮುಚ್ಚಬೇಕು ಅಂತ ಮಿಲ್ಲಿನಿಂದ ಮರ ತಂದು ಹೊಡೆಯಲು ಶುರು ಮಾಡಿದ್ದೇನೆ. ಕೆಲಸ ಸಾಗುತ್ತಿಲ್ಲ. ಯಾಕೋ ಮೊಳೆ ಬಾಗುತ್ತದೆ, ಸುತ್ತಿಗೆ ಬೆರಳಿಗೆ ಬೀಳುತ್ತದೆ.

ಅತ್ತೆ ಇನ್ನೇನು ಹೇಳಿದಳು? ಹಾಲು ಕರೆಯುವ ನೆಪ ಬೇಡ. ಚಿಕ್ಕಂದಿನಿಂದಲೂ ನೀನು ಅಳು ಬಂದಾಗಲೆಲ್ಲ ಏನಾದರೂ ಕೆಲಸ ಹೇಳಿಕೊಂಡು ಎದ್ದು ಹೋಗುತ್ತಿದ್ದೆ.

ನೆವಿಲ್

*

ಡೇಬೊರೊ
ಆಗಸ್ಟ್ 5, 1984

ಪ್ರೀತಿಯ ನೆವಿಲ್,

ಮೂರು ವಾರ ಕಾಯಿಸಿದೆ. ಈಗ ಅಮ್ಮನ ಅಡುಗೆಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನನ್ನ ಅರ್ಧ ಗೇಟಿನ ಪಕ್ಕ ನಿಂತಿದೆ, ಒಲೆ ಹೊಗೆಯಾಡದೆ ಉರಿಯುತ್ತದೆ. ತೆರೆದ ಬದಿಗೆ ಟಾರ್ಪಾಲಿನ್ ಕಟ್ಟಿದ್ದೇವೆ. ಆಗಸ್ಟಿನ ಪಡುವಣ ಗಾಳಿಗೆ ಅದು ಒಂದೇ ಸಮನೆ ಬಡಿದುಕೊಳ್ಳುತ್ತದೆ. ಹಲಗೆ ಹೊಡೆಸೋಣ ಅಂತ ರಾಡ್ನಿ ದಿನಾ ಕೇಳುತ್ತಾನೆ, ಮುಂದಿನ ವಾರ ನೋಡೋಣ ಅನ್ನುತ್ತೇನೆ.

ಅಪ್ಪನ ಕೊನೆಯ ದಿನಗಳ ಬಗ್ಗೆ ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇಲ್ಲಿಗೆ ಬಂದ ಮೇಲೆ ಅವರು ಮನೆಯೊಳಗೆ ಕೂರುತ್ತಿರಲಿಲ್ಲ. ಬೆಳಗ್ಗೆ ಚಹಾ ಕುಡಿದವರೇ ಗೇಟಿನ ಹತ್ತಿರ ಹೋಗಿ, ಹಳೆಯ ಹಾಲಿನ ಕ್ಯಾನೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದರು. ಕುರ್ಚಿ ತಂದಿಟ್ಟರೆ ಪಕ್ಕಕ್ಕೆ ತಳ್ಳುತ್ತಿದ್ದರು. ನಾನು ಹೋದಾಗಲೆಲ್ಲ ಕೇಳುವುದು ಒಂದೇ.

“ಬಂತಾ?”

“ಏನಪ್ಪ?”

“ಮನೆ.”

 ಮನೆಗೆ ಕರೆದುಕೊಂಡು ಹೋಗು ಅಂತ ಕೇಳುತ್ತಿದ್ದಾರೆ, ಬಾಯಿಗೆ ಮಾತು ಸರಿಯಾಗಿ ಬರುತ್ತಿಲ್ಲ ಅಂದುಕೊಂಡಿದ್ದೆ. ಹಾಲು ಕರೆಯುವ ಶೆಡ್ಡಿಗೆ ಹೋಗಿ ಹಸುವಿನ ಹೊಟ್ಟೆಗೆ ಹಣೆ ಇಟ್ಟು ಅಳುತ್ತಿದ್ದೆ. ನೀನು ಬೇರು ಸಮೇತ ಕಿತ್ತು ತಂದೆ ಅಂದಾಗ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಅದಕ್ಕೇ. ನೀನು ಹೇಳಿದ್ದೇ ನಿಜ ಅಂತ ನನಗೂ ಅನ್ನಿಸಿತ್ತು.

ಎಟ್ಟಿ ಅತ್ತೆಗೆ ಇದನ್ನು ಹೇಳಿದೆ. ಅವಳು ನಕ್ಕುಬಿಟ್ಟಳು, ನೆವಿಲ್. ಕಣ್ಣೊರೆಸಿಕೊಂಡು ನಕ್ಕಳು.

“ಅಯ್ಯೋ ಹುಚ್ಚಿ, ಅವನು ವಾಪಸ್ ಹೋಗ್ಬೇಕು ಅಂತ ಕೂತಿರ್ಲಿಲ್ಲ ಕಣೆ. ನಾವೆಲ್ಲ ಬಂದಾಯ್ತು, ಮನೆ ಹಿಂದೆ ಬರ್ತಿದೆ ಅಂತ ಕಾಯ್ತಿದ್ದ. ಬರತ್ತೆ ಅನ್ನೋದ್ರಲ್ಲಿ ಅವನಿಗೆ ಅನುಮಾನಾನೇ ಇರ್ಲಿಲ್ಲ. ಒಂದ್ಸಲ ಬಂದಿತ್ತಲ್ಲ.”

ಅವಳು ಹೇಳಿದ ಮೇಲೆ ನನಗೆ ಎಲ್ಲ ನೆನಪಾಯಿತು. ಅಪ್ಪನ ಮುಖದಲ್ಲಿ ಸಂಕಟವಿರಲಿಲ್ಲ. ನಾನು ನನ್ನ ಸಂಕಟವನ್ನೇ ಅಲ್ಲಿ ನೋಡುತ್ತಿದ್ದೆ. ಅವರು ರಸ್ತೆ ನೋಡುತ್ತಾ ಬಿಸ್ಕತ್ತು ತಿನ್ನುತ್ತಿದ್ದರು, ಹಾಲಿನ ಲಾರಿಯವನಿಗೆ ಕೈ ಬೀಸುತ್ತಿದ್ದರು. ಕೊನೆಯ ಬೆಳಗ್ಗೆ ಹಾಸಿಗೆಯಿಂದ ಏಳಲು ಆಗಲಿಲ್ಲ. ನನ್ನ ಕೈ ಹಿಡಿದುಕೊಂಡು, “ಅಡುಗೆಮನೆ ಕಡೇದು ಬಂತಲ್ಲ, ಇನ್ನೊಂದು ಕಡೇದೂ ಬರತ್ತೆ ಬಿಡು,” ಅಂದರು. ಆಮೇಲೆ, “ಬೋಲ್ಟ್ ಹಾಕಿದ್ರಾ?” ಅಂತ ಕೇಳಿದರು. ಏನು ಹೇಳಬೇಕೋ ತಿಳಿಯದೆ, ಹಾಕಿದರು ಅಪ್ಪ ಅಂದೆ. ಸರಿ ಅಂತ ಕಣ್ಣು ಮುಚ್ಚಿದರು.

ಜೂನಿನಲ್ಲಿ ಆ ಗೇಟಿನ ಎದುರಿನ ರಸ್ತೆಯಲ್ಲಿ ಡಾರ್ಸಿಯ ಲಾರಿ ಈ ಅಡುಗೆಮನೆಯನ್ನು ಹೊತ್ತುಕೊಂಡು ಬಂದಾಗ ಆ ಕ್ಯಾನು ಇನ್ನೂ ಅಲ್ಲೇ ಇತ್ತು. ಆಗ ನನಗೆ ಏನೂ ಗೊತ್ತಿರಲಿಲ್ಲ. ಲಾರಿ ತಿರುಗಲು ಅಡ್ಡವಾಗುತ್ತದೆ ಅಂತ ನಾನೇ ಅದನ್ನು ಎತ್ತಿ ಪಕ್ಕಕ್ಕಿಟ್ಟೆ.

ಇದನ್ನು ನಿನ್ನನ್ನು ಸೋಲಿಸಲು ಬರೆಯುತ್ತಿಲ್ಲ. ಎರಡು ವರ್ಷ ನಾವಿಬ್ಬರೂ ಒಂದೇ ಕಲ್ಲನ್ನು ಹೊತ್ತಿದ್ದೆವು. ನೀನೂ ಇಳಿಸು ಅಂತ ಬರೆಯುತ್ತಿದ್ದೇನೆ.

ಗಾಳಿ ಜೋರಾಯಿತು, ಟಾರ್ಪಾಲಿನ್ನಿನ ಹಗ್ಗ ಬಿಗಿಯಬೇಕು. ಇದು ನೆಪವಲ್ಲ.

ನಿನ್ನ
ಅಕ್ಕ

*

ಬೂನಾ
ಆಗಸ್ಟ್ 26, 1984

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಮುಗಿಸಿ ಎದ್ದೆ. ಸುತ್ತಿಗೆ ತೆಗೆದುಕೊಂಡು ಹೋಗಿ, ಹೊಡೆದಿದ್ದ ಹಲಗೆಗಳ ಮೊಳೆಗಳನ್ನೆಲ್ಲ ಕಿತ್ತೆ. ಹೊಡೆಯುವಾಗ ಆಗದ ಕೆಲಸ ಕೀಳುವಾಗ ಸಲೀಸಾಗಿ ಆಯಿತು.

ಆಮೇಲೆ ಡಾರ್ಸಿಯ ಹತ್ತಿರ ಹೋದೆ. ವಿಷಯ ಕೇಳಿ ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. “ನಿಮ್ಮ ಮನೆತನದವ್ರು ಇರೋದ್ರಿಂದ್ಲೇ ಲಾರಿಯವ್ರ ಹೊಟ್ಟೆ ತುಂಬ್ತಿರೋದು,” ಅಂದ. ಮುಂದಿನ ಗುರುವಾರ ಬಿಡುವಿದೆಯಂತೆ.

ನನ್ನ ಅರ್ಧವನ್ನು ಡೇಬೊರೊಗೆ ತಂದು ನಿನ್ನದಕ್ಕೆ ಜೋಡಿಸು ಅಂತ ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಕೇಳಿದ್ದರೆ ನೀನು ಬಿಸ್ಕತ್ತು ಕೇಳುತ್ತಿದ್ದೆ. ಆದರೂ ಒಂದು ಪೊಟ್ಟಣ ತರುತ್ತೇನೆ. ಎಡಗಡೆ ನಾನಿರುತ್ತೇನೆ, ಬಲಗಡೆ ನೀನಿರು. ಊಟಕ್ಕೆ ಮಾತ್ರ ಪಟ್ಟಿ ದಾಟಿ ಬರುತ್ತೇನೆ, ಮನೆ ಸುತ್ತಿ ಬರುವ ವಯಸ್ಸಲ್ಲ. ನಿಮ್ಮ ಕಡೆಯ ಮಿಲ್ಲಿನಲ್ಲಿ ಆಳು ಬೇಕಾಗಿದ್ದಾರೆಂದು ಕೇಳಿದ್ದೇನೆ. ಹಿಂದಿನ ಕೋಣೆಯನ್ನು ಎಟ್ಟಿ ಅತ್ತೆ ಬಂದರೆ ಅವಳಿಗಿಡೋಣ. ಬಾಗಿಲು ದಡಾರ್ ಅಂತ ಹಾಕುವುದಿಲ್ಲ ಅಂತ ಹೇಳು.

ಮಣ್ಣು ಮಾಡಿದ ದಿನ ನಾನು ಹೇಳಿದ ಮಾತಿಗೆ ಬರೆದು ಕ್ಷಮೆ ಕೇಳಲು ಬರುವುದಿಲ್ಲ ಅಕ್ಕ. ಎದುರಿಗೆ ಬಂದು ಕೇಳುತ್ತೇನೆ.

ಗುರುವಾರ ಆ ಹಾಲಿನ ಕ್ಯಾನನ್ನು ಮೊದಲಿದ್ದ ಜಾಗದಲ್ಲೇ ಇಡು. ಲಾರಿಯವನು ಸುತ್ತಿಕೊಂಡು ಬರಲಿ. ಹೊಸ ಬೋಲ್ಟ್ ತರುತ್ತೇನೆ ಅಂದ ಡಾರ್ಸಿ, ಬೇಡ ಅಂದೆ. ಹಳೆಯವನ್ನೇ ಎಣ್ಣೆ ಹಾಕಿ ಉಜ್ಜಿ ಇಟ್ಟಿದ್ದೇನೆ. ನಾನೇ ಹಾಕುತ್ತೇನೆ.

ನಿನ್ನ ತಮ್ಮ,
ನೆವಿಲ್